ಮೀಟರ್ ಸರಿಯಾಗೇ ಇತ್ತು

ಹೊಸ ಕರೆಂಟ್ ಮೀಟರ್ ಕೂರಿಸಿದ ದಿನ ನಾನು ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ದೆ. ‘ನಮ್ಮನೆಗೂ ಸ್ಮಾರ್ಟ್ ಮೀಟರ್ ಬಂತು’ ಅಂತ. ಅಣ್ಣ ಹೆಬ್ಬೆರಳು ಎತ್ತಿದ, ಅತ್ತಿಗೆ ನಗುವ ಮುಖ ಕಳಿಸಿದರು, ಚಿಕ್ಕಮ್ಮ ಎಂದಿನಂತೆ ಶುಭೋದಯದ ಗುಲಾಬಿ ಹೂವು ಕಳಿಸಿದರು. ನಾಲ್ಕು ತಿಂಗಳಾದ ಮೇಲೆ ಅದೇ ಮೀಟರಿನ ಮುಂದೆ ನಿಂತು ಅಳ್ತೀಯಾ ಅಂತ ಆವತ್ತು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾವಿರೋದು ಬೆಂಗಳೂರಿನ ಬನಶಂಕರಿ ಕಡೆ, ಒಂದು ಹಳೇ ಮನೆಯ ಕೆಳಗಿನ ಪೋರ್ಷನ್‌ನಲ್ಲಿ. ನಾನು, ನನ್ನ ಗಂಡ, ಎರಡನೇ ಕ್ಲಾಸ್ ಓದುವ ಮಗಳು. ಮಹಡಿ ಮೇಲೆ ಒಬ್ಬರು ಆಂಟಿ ಮತ್ತು ಅವರ ಮಗ. ಓನರ್ ಜಯನಗರದಲ್ಲಿದ್ದಾರೆ. ಹೋದ ವರ್ಷ, ಅಂದರೆ 2025ರ ಆಗಸ್ಟ್‌ನಲ್ಲಿ, ಮಳೆನೀರು ಇಳಿದು ಗೇಟಿನ ಪಕ್ಕದ ಮೀಟರ್ ಬೋರ್ಡ್ ಹಾಳಾಯಿತು. ಓನರ್ ಓಡಾಡಿ ಎರಡೂ ಪೋರ್ಷನ್‌ಗೆ ಹೊಸ ಮೀಟರ್ ಹಾಕಿಸಿದರು. ಹಳೇ ಮೀಟರ್‌ನಲ್ಲಿ ಸ್ಕೂಟರಿನ ಕಿಲೋಮೀಟರ್ ಥರ ಅಂಕಿಗಳು ಉರುಳುತ್ತಿದ್ದವು. ಹೊಸದರಲ್ಲಿ ಗಾಜಿನ ಪರದೆ, ಒಂದು ಗುಂಡಿ, ಮಿಣುಕುವ ಕೆಂಪು ದೀಪ.

ಅದೇ ತಿಂಗಳು ಇನ್ನೊಂದು ಆಯಿತು. ಅಪ್ಪ ನಮ್ಮ ಮನೆಗೆ ಬಂದರು.

ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ವರ್ಷದ ಕಾರ್ಯ ಮುಗಿಸಿ, ತರೀಕೆರೆ ಹತ್ತಿರದ ನಮ್ಮೂರಿನ ಮನೆಗೆ ಬೀಗ ಹಾಕಿ, ‘ಸ್ವಲ್ಪ ದಿನ ಬನ್ನಿ ಅಪ್ಪಾ’ ಅಂತ ನಾನೇ ಕರೆದುಕೊಂಡು ಬಂದಿದ್ದೆ. ಮೂವತ್ತೈದು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಒಂದು ಟ್ರಂಕು, ಒಂದು ರೇಡಿಯೋ, ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು, ಒಂದು ಪೆನ್ನು. ಇಷ್ಟೇ ಅವರ ಸಾಮಾನು.

ಇನ್ನೂರರ ಗೆರೆ

ಕರ್ನಾಟಕದಲ್ಲಿ ಬಾಡಿಗೆ ಮನೆ ನಡೆಸೋರಿಗೆ ಗೃಹಜ್ಯೋತಿ ಲೆಕ್ಕ ಬಾಯಿಪಾಠ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಅಂತ ಹೇಳ್ತಾರೆ, ಆದರೆ ಎಲ್ಲರಿಗೂ ಪೂರ್ತಿ ಇನ್ನೂರು ಸಿಗೋದಿಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇಕಡಾ ಹತ್ತು ಸೇರಿಸಿ ನಿಮ್ಮ ಪಾಲು ಗೊತ್ತುಮಾಡಿದ್ದಾರೆ. ನಮ್ಮದು 145. ಅದಕ್ಕಿಂತ ಜಾಸ್ತಿ ಉರಿಸಿದರೆ ಹೆಚ್ಚಿಗೆಯ ಯೂನಿಟ್‌ಗೆ ದುಡ್ಡು. ಇನ್ನೂರು ದಾಟಿದರೆ ಮಾತ್ರ ಮೊದಲನೇ ಯೂನಿಟ್‌ನಿಂದಲೂ ಪೂರ್ತಿ ಬಿಲ್ಲು.

ನಾವು ಯಾವತ್ತೂ 135ರ ಆಚೀಚೆ ಇರುತ್ತಿದ್ದೆವು. ಸೊನ್ನೆ ಬಿಲ್ ಕೈಗೆ ಬಂದಾಗೆಲ್ಲ ಏನೋ ಸಣ್ಣ ಪರೀಕ್ಷೆ ಪಾಸಾದ ಖುಷಿ.

ಸೆಪ್ಟೆಂಬರ್ ಬಿಲ್ಲಿನಲ್ಲಿ 186 ಬಂತು. ಮನೆಗೆ ಒಬ್ಬರು ಹೆಚ್ಚಾಗಿದ್ದಾರಲ್ಲ, ಸರಿ ಅಂದುಕೊಂಡೆ. ಅಕ್ಟೋಬರ್‌ನಲ್ಲಿ 208. ಗೆರೆ ದಾಟಿತು. 2025-26ರ ದರದಲ್ಲಿ ಮನೆಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ನಮ್ಮದು ಮೂರು ಕಿಲೋವ್ಯಾಟ್. ಮೇಲೆ ಸರ್‌ಚಾರ್ಜು, ತೆರಿಗೆ. ಎಲ್ಲಾ ಸೇರಿ ಸಾವಿರದ ಎಂಟುನೂರು ಚಿಲ್ಲರೆ.

ಸೊನ್ನೆಯಿಂದ ಸಾವಿರದ ಎಂಟುನೂರಕ್ಕೆ! ಕಾರಿನ ಇಎಂಐ, ಸ್ಕೂಲ್ ಫೀಸು, ಬಾಡಿಗೆ ಎಲ್ಲಾ ಕಟ್ಟಿದ ಮೇಲೆ ತಿಂಗಳ ಕೊನೆಗೆ ಎಷ್ಟು ಉಳಿಯುತ್ತೆ ಅಂತ ಗೊತ್ತಿರುವವರಿಗೆ ಆ ದುಡ್ಡಿನ ತೂಕ ಗೊತ್ತಾಗುತ್ತೆ.

ಸ್ಮಾರ್ಟ್ ಅನ್ನೋದು ಹೆಸರಿಗೆ

ಸರಿ, ಸ್ಮಾರ್ಟ್ ಮೀಟರ್ ಇದೆಯಲ್ಲ, ಯಾವ ದಿನ ಎಷ್ಟು ಹೋಗ್ತಿದೆ ನೋಡೇಬಿಡೋಣ ಅಂತ ಆ್ಯಪ್ ಹಾಕಿಕೊಂಡೆ. ಓಟಿಪಿ ಬರಲಿಲ್ಲ. ಬಂದಾಗ ಸಮಯ ಮೀರಿತ್ತು. ಮೂರನೇ ಸಲ ಒಳಗೆ ಹೋದೆ. ಕಳೆದ ತಿಂಗಳ ಬಿಲ್ಲು ಕಾಣಿಸಿತು, ಅದು ನನ್ನ ಕೈಯಲ್ಲೇ ಇತ್ತು. ‘ದಿನದ ಬಳಕೆ’ ಅಂತ ಇದ್ದ ಕಡೆ ಒತ್ತಿದರೆ ಒಂದು ಚಕ್ರ ತಿರುಗುತ್ತಾ ಕೂತಿತು. ಆಮೇಲೆ ಬಿಳೀ ಪರದೆ. ಒಂದು ವಾರ ದಿನಾ ನೋಡಿದೆ. ಅದೇ ಬಿಳೀ ಪರದೆ. ರೀಡಿಂಗ್ ತೆಗೆಯುವವರು ಮಾತ್ರ ತಿಂಗಳಿಗೊಮ್ಮೆ ಮೊದಲಿನ ಹಾಗೇ ಬರುತ್ತಿದ್ದರು, ಸೊಂಟದ ಮಿಷನ್‌ನಿಂದ ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು.

ಸಿಟ್ಟು ಬರೋದು ಇಲ್ಲೇ. ಇಂಥ ಮೀಟರಿನ ಹೊಟ್ಟೆಯಲ್ಲಿ ಅರ್ಧ ಗಂಟೆಗೊಮ್ಮೆಯೋ ಅದಕ್ಕಿಂತ ಬೇಗವೋ ಬಳಕೆ ದಾಖಲಾಗುತ್ತಾ ಹೋಗುತ್ತೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರ್ ಹಾಕಿಸುವ ಗುರಿ ಇಟ್ಟುಕೊಂಡಿದ್ದು ಇದಕ್ಕೇ: ಕಂಪನಿಗೂ ಗೊತ್ತಾಗಬೇಕು, ಗ್ರಾಹಕರಿಗೂ ಗೊತ್ತಾಗಬೇಕು ಅಂತ. ನಮ್ಮ ಮನೆಯಲ್ಲಿ ಗೊತ್ತಿದ್ದಿದ್ದು ಮೀಟರಿಗೊಂದೇ. ಅದು ನಮಗೆ ಹೇಳುತ್ತಿರಲಿಲ್ಲ.

ಆ್ಯಪ್ ಬಿಟ್ಟು ಮೀಟರನ್ನೇ ಓದೋಣ ಅಂತ ಗೇಟಿನ ಹತ್ತಿರ ಹೋದೆ. ಪರದೆ ಮೇಲೆ ಒಂದಾದಮೇಲೊಂದು ಅಂಕಿ. ಮೊದಲು ಎಲ್ಲಾ ಎಂಟುಗಳು. ಆಮೇಲೆ ತಾರೀಖು, ಗಂಟೆ. ಆಮೇಲೆ ಯಾವುದೋ ದೊಡ್ಡ ಅಂಕಿ. ಅದರ ಹತ್ತಿರದ್ದೇ ಇನ್ನೊಂದು ದೊಡ್ಡ ಅಂಕಿ. ಆಮೇಲೆ 231, 0.97, 1.24, 1.61... ಫೋನ್ ತೆಗೆದು ಫೋಕಸ್ ಮಾಡುವಷ್ಟರಲ್ಲಿ ಬೇಕಾದ್ದು ಹೋಗಿ ಬೇಡವಾದ್ದು ಬಂದಿರುತ್ತೆ. ಎರಡು ವಾರ ದಿನಾ ಬೆಳಿಗ್ಗೆ ಬರೆದುಕೊಂಡು ಎಕ್ಸೆಲ್ ಶೀಟಿಗೆ ಹಾಕಿದೆ. ಆಮೇಲೆ ನನ್ನ ಗಂಡ ಹೇಳಿದ್ರು, ‘ನೀನು ಬರೀತಿರೋದು ಕೆವಿಎಎಚ್ ಕಣೇ, ನಮಗೆ ಬಿಲ್ ಹಾಕೋದು ಕೆಡಬ್ಲ್ಯೂಎಚ್ ಮೇಲೆ.’ ಎರಡೂ ಅಂಕಿ ಅಕ್ಕತಂಗಿಯರ ಹಾಗೆ ಇರುತ್ತವೆ. ಎರಡು ವಾರದ ಶೀಟು ದಂಡ.

ಶೀಟ್ ಹೋದರೂ ಅನುಮಾನ ಮಾತ್ರ ಉಳಿಯಿತು. ನಾವು ಮೂರು ಜನ ಮೊದಲಿನ ಹಾಗೇ ಇದ್ದೇವೆ. ಹೊಸದಾಗಿ ಬಂದಿರೋದು ಯಾರು?

ನಾನು ಆಡಿದ ಮಾತು

ಅಪ್ಪನ ರೂಮಿನ ಲೆಕ್ಕ ಹಾಕಿದೆ. ರಾತ್ರಿಯಿಡೀ ಹಳೇ ಸೀಲಿಂಗ್ ಫ್ಯಾನು, 75 ವ್ಯಾಟು, ಎಂಟು ಗಂಟೆ: ತಿಂಗಳಿಗೆ 18 ಯೂನಿಟ್. ಕತ್ತಲಲ್ಲಿ ಎದ್ದು ಓಡಾಡೋಕೆ ಊರಿಂದಲೇ ತಂದಿದ್ದ ಜೀರೋ ಬಲ್ಬು. ಹೆಸರು ಜೀರೋ ಆದರೂ ಆ ಹಳೇ ತಂತಿ ಬಲ್ಬುಗಳು 12ರಿಂದ 15 ವ್ಯಾಟ್ ತಿನ್ನುತ್ತವೆ: ನಾಲ್ಕೂವರೆ ಯೂನಿಟ್. ಸ್ನಾನಕ್ಕೆ ಗೀಸರ್ ಕಾಲು ಗಂಟೆ: 15 ಯೂನಿಟ್. ಎಷ್ಟು ಎಳೆದು ಕೂಡಿದರೂ ಮೂವತ್ತೆಂಟು ದಾಟಲಿಲ್ಲ. ಹೆಚ್ಚಾಗಿದ್ದು ಎಪ್ಪತ್ತಕ್ಕಿಂತ ಮೇಲೆ.

ಲೆಕ್ಕ ಕೂಡಲಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಉಳಿದಿದ್ದನ್ನೂ ಅಪ್ಪನ ಖಾತೆಗೇ ಹಾಕಿದೆ. ಅದು ಸುಲಭವಾಗಿತ್ತು.

ನವೆಂಬರ್ ಬಿಲ್ಲು 206. ಆವತ್ತು ಆಫೀಸಿನಲ್ಲೂ ಏನೋ ಆಗಿತ್ತು. ಗೇಟಿನಿಂದ ಚೀಟಿ ಕಿತ್ತುಕೊಂಡು ಒಳಗೆ ಬಂದವಳು, ಚಪ್ಪಲಿ ಬಿಡೋದಕ್ಕೂ ಮುಂಚೆ ಹೇಳಿಬಿಟ್ಟೆ: ‘ಅಪ್ಪಾ, ನೀವು ಬಂದ್ಮೇಲಿಂದ ಪ್ರತಿ ತಿಂಗ್ಳೂ ಇನ್ನೂರು ದಾಟ್ತಿದೆ. ಸ್ವಲ್ಪ ನೋಡ್ಕೊಂಡು ಉರ್ಸಿ. ಇದು ಊರಲ್ಲ.’

ಅಪ್ಪ ರೇಡಿಯೋ ಆಫ್ ಮಾಡಿದರು. ಅದು ಸೆಲ್ಲಿನ ರೇಡಿಯೋ, ಕರೆಂಟ್ ರೇಡಿಯೋ ಅಲ್ಲ. ‘ಆಯ್ತು ಪುಟ್ಟಿ’ ಅಂದರು. ಅಷ್ಟೇ.

ಆಮೇಲಿನ ದಿನಗಳಲ್ಲಿ ಕೆಲವು ಬದಲಾವಣೆ ಕಂಡಿತು. ನಾನದನ್ನು ನೋಡಿಯೂ ನೋಡದ ಹಾಗಿದ್ದೆ. ಸಂಜೆ ನಾನು ಬರುವಾಗ ಅವರ ರೂಮಿನಲ್ಲಿ ಕತ್ತಲು. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತು ಬೀದಿದೀಪದ ಬೆಳಕಲ್ಲಿ ಪೇಪರ್ ಓದುತ್ತಿರುತ್ತಿದ್ದರು. ‘ಗಾಳಿ ಚೆನ್ನಾಗಿದೆ ಇಲ್ಲಿ’ ಅನ್ನುತ್ತಿದ್ದರು. ಜೀರೋ ಬಲ್ಬು ಹೋಲ್ಡರಿನಿಂದ ಮಾಯವಾಗಿತ್ತು. ಡಿಸೆಂಬರ್ ಹತ್ತಿರ ಬಂತು, ಅಪ್ಪನಿಗೆ ಕೆಮ್ಮು ಶುರುವಾಯಿತು. ಬೆಂಗಳೂರಿನ ಚಳಿ ಅಂದುಕೊಂಡೆ.

ಡಿಸೆಂಬರ್ ಬಿಲ್ಲು 219.

ಆ ಚೀಟಿ ಹಿಡಿದು ನಾನು ಅಡುಗೆಮನೆಯಲ್ಲಿ ಗೊಣಗುತ್ತಿದ್ದಾಗ ಮಗಳು ಬಂದು ಸೆರಗು ಎಳೆದಳು. ‘ಅಮ್ಮಾ, ತಾತ ಗೀಸರ್ ಹಾಕೋದೇ ಇಲ್ಲ. ತಣ್ಣೀರಲ್ಲೇ ಸ್ನಾನ ಮಾಡ್ತಾರೆ. ನಿಂಗೆ ಹೇಳ್ಬೇಡ ಅಂದಿದಾರೆ.’

‘ಯಾವಾಗಿಂದ?’

‘ಆವತ್ತು ನೀನು ಬೈದ್ಯಲ್ಲ, ಆವಾಗಿಂದ.’

ಕೈಯಲ್ಲಿದ್ದ ಸೌಟು ಹಾಗೇ ಇಟ್ಟೆ. ಒಂದು ತಿಂಗಳು. ಎಪ್ಪತ್ತೆರಡು ವರ್ಷದ ಮನುಷ್ಯ, ಈ ಚಳಿಯಲ್ಲಿ.

ಅಪ್ಪನ ನೋಟ್‌ಬುಕ್ಕು

ಅಪ್ಪನ ರೂಮಿಗೆ ಹೋದೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ‘ಅಪ್ಪಾ, ಬಿಸಿನೀರು ಯಾಕೆ ಬಿಟ್ರಿ?’ ಅಂದೆ. ‘ಊರಲ್ಲಿ ಬಾವಿ ನೀರಲ್ಲೇ ಮಾಡ್ತಿರ್ಲಿಲ್ವಾ’ ಅಂದರು. ಊರಲ್ಲಿ ಹಂಡೆ ಒಲೆಯ ಬಿಸಿನೀರಿಲ್ಲದೆ ಅಪ್ಪ ಒಂದು ದಿನವೂ ಸ್ನಾನ ಮಾಡಿದವರಲ್ಲ, ಅದು ಇಬ್ಬರಿಗೂ ಗೊತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಲ್ ಎಷ್ಟು ಬಂತು?’ ಅಂತ ಕೇಳಿದರು. ಹೇಳಿದೆ. ಅಪ್ಪ ಜೇಬಿನಿಂದ ನೋಟ್‌ಬುಕ್ ತೆಗೆದರು.

ನಾನು ಎಕ್ಸೆಲ್ ಬಿಟ್ಟ ದಿನದಿಂದ ಅಪ್ಪ ಬರೆಯುತ್ತಾ ಬಂದಿದ್ದಾರೆ. ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ಮೇಷ್ಟ್ರ ಗುಂಡು ಅಕ್ಷರ. ತಾರೀಖು, ಗಂಟೆ, ರೀಡಿಂಗು, ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸ. ಗುಂಡಿ ಒತ್ತಿ ಹಿಡಿದರೆ ಅಂಕಿಗಳನ್ನು ನಾವೇ ಮುಂದಕ್ಕೆ ಸರಿಸಬಹುದು, ಕಾಯಬೇಕಾಗಿಲ್ಲ ಅನ್ನೋದನ್ನೂ ಅವರೇ ಕಂಡುಹಿಡಿದಿದ್ದರು. ಆ್ಯಪಿನ ಬಿಳೀ ಪರದೆ ತೋರಿಸಬೇಕಾಗಿದ್ದ ‘ದಿನದ ಬಳಕೆ’ ಪೂರ್ತಿ ಆ ಪುಸ್ತಕದಲ್ಲಿತ್ತು.

‘ಇಲ್ನೋಡು’ ಅಂತ ಒಂದು ಪುಟದ ಮೇಲೆ ಬೆರಳಿಟ್ಟರು.

ಅಕ್ಟೋಬರ್ 19ರ ಸಂಜೆ: 468.3. ಅಕ್ಟೋಬರ್ 23ರ ಸಂಜೆ: 477.5.

‘ದೀಪಾವಳಿಗೆ ಎಲ್ಲಾ ಊರಿಗೆ ಹೋಗಿದ್ವಲ್ಲ. ಫ್ರಿಜ್ ಖಾಲಿ ಮಾಡಿ, ಮೈನ್ ಆಫ್ ಮಾಡಿದ್ದು ನೀನೇ. ಮನೇಲಿ ಯಾರೂ ಇಲ್ಲ. ಒಂಬತ್ತು ಯೂನಿಟ್ ಹೋಗಿದೆ.’

‘ಅಪ್ಪಾ, ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?’

‘ನಾನು ಓದಿದ್ರಲ್ಲೇ ತಪ್ಪಿರ್ಬೇಕು ಅನ್ಕೊಂಡೆ. ಹೊಸ ಮೀಟರು, ಸ್ಮಾರ್ಟು ಅಂತೆಲ್ಲ ಹೇಳಿದ್ಯಲ್ಲ. ಅದು ತಪ್ಪು ಮಾಡುತ್ತಾ?’

ನನ್ನ ಗಂಟಲು ಕಟ್ಟಿತು. ಲೆಕ್ಕ ಕೂಡದಿದ್ದಾಗ ನಾನು ಅಪ್ಪನನ್ನು ಅನುಮಾನಿಸಿದ್ದೆ. ಲೆಕ್ಕ ಕೂಡದಿದ್ದಾಗ ಅಪ್ಪನೂ ಅಪ್ಪನನ್ನೇ ಅನುಮಾನಿಸಿದ್ದರು.

ಮನೆ ಆರಿಸಿದರೂ ಆರದ ದೀಪ

ಆ ಭಾನುವಾರ ಬೆಳಿಗ್ಗೆ ನಾವು ಮೈನ್ ಸ್ವಿಚ್ ಇಳಿಸಿದೆವು. ಮನೆಯೆಲ್ಲ ಕರೆಂಟಿಲ್ಲ. ಎಲ್ಲರೂ ಗೇಟಿನ ಹತ್ತಿರ ಹೋಗಿ ನಿಂತೆವು. ಕೆಂಪು ದೀಪ ಮಿಣುಕಿತು. ನಿಂತಿತು. ಮತ್ತೆ ಮಿಣುಕಿತು.

ಆ ದೀಪದ ಕಥೆ ನಿಮಗೂ ಉಪಯೋಗಕ್ಕೆ ಬರಬಹುದು. ನಮ್ಮ ಮೀಟರ್ ಮೇಲೆ ಸಣ್ಣ ಅಕ್ಷರದಲ್ಲಿ ‘3200 ಇಂಪ್/ಕೆಡಬ್ಲ್ಯೂಎಚ್’ ಅಂತ ಇದೆ. ಅಂದರೆ ಒಂದು ಯೂನಿಟ್ ಹೋದರೆ ದೀಪ 3200 ಸಲ ಮಿಣುಕುತ್ತೆ. ಒಂದು ಯೂನಿಟ್ ಅಂದರೆ ಸಾವಿರ ವ್ಯಾಟು ಒಂದು ಗಂಟೆ, ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್. ಅದನ್ನು 3200ರಿಂದ ಭಾಗಿಸಿದರೆ 1125. ಹಾಗಾಗಿ ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನು ಅದರಿಂದ ಭಾಗಿಸಿದರೆ ಆ ಕ್ಷಣ ಎಷ್ಟು ವ್ಯಾಟ್ ಹೋಗ್ತಿದೆ ಅಂತ ಗೊತ್ತಾಗುತ್ತೆ. ನಿಮ್ಮ ಮೀಟರಿನ ಮೇಲೆ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿಕೊಳ್ಳಿ. ಆ್ಯಪ್ ಬೇಡ, ಓಟಿಪಿ ಬೇಡ.

ಅಪ್ಪ ಕೈಗಡಿಯಾರ ನೋಡುತ್ತಾ ಎಣಿಸಿದರು. ಹದಿಮೂರು ಸೆಕೆಂಡು. ಮಗಳು ಫೋನಿನಲ್ಲಿ ಭಾಗಿಸಿದಳು. ಸುಮಾರು 86 ವ್ಯಾಟ್. ಆರಿಸಿದ ಮನೆಯಲ್ಲಿ ಯಾರೋ ಫ್ಯಾನ್ ಹಾಕಿಕೊಂಡು ಮಲಗಿದ ಹಾಗೆ.

ಮೀಟರೇ ಕೆಟ್ಟಿದೆ ಅಂತ ನನಗೆ ಖಾತ್ರಿಯಾಯಿತು. ಸೋಮವಾರವೇ ದೂರು ಕೊಡೋದು ಅಂತ ತಯಾರಾದೆ. 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕಿನ ನಿಯಮಕ್ಕೆ ತಿದ್ದುಪಡಿ ಬಂದಿದೆ: ರೀಡಿಂಗ್ ಬಗ್ಗೆ ದೂರು ಕೊಟ್ಟರೆ ಕಂಪನಿ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಇದನ್ನೆಲ್ಲ ಓದಿ ಇಟ್ಟುಕೊಂಡಿದ್ದೆ. ನನ್ನ ಗಂಡ ಮಾತ್ರ, ‘ಅದಕ್ಕೂ ಮುಂಚೆ ಒಂದ್ಸಲ ಎಲೆಕ್ಟ್ರಿಷಿಯನ್‌ಗೆ ತೋರ್ಸೋಣ’ ಅಂದರು. ನಮ್ಮ ಬೀದಿಯಲ್ಲೇ ಇರುವ, ಅರವತ್ತರ ಹತ್ತಿರದ ಒಬ್ಬರನ್ನು ಕರೆಸಿದೆವು.

ಅವರು ಬಂದು ಮೊದಲು ಮಾಡಿದ್ದು ಅಪ್ಪ ಮಾಡಿದ್ದನ್ನೇ. ಗುಂಡಿ ಒತ್ತಿ ಒತ್ತಿ ಅಂಕಿ ಸರಿಸಿದರು. ಎರಡು ಕಡೆ ನಿಲ್ಲಿಸಿದರು.

‘ಇದು ಫೇಸ್ ಕರೆಂಟು: 0.00. ನಿಮ್ಮನೆ ಆಫ್ ಆಗಿದೆ, ಸರಿ. ಇದು ನ್ಯೂಟ್ರಲ್ ಕರೆಂಟು: 0.42. ನೀವು ಏನೂ ತಗೋತಿಲ್ಲ ಮೇಡಂ. ಆದ್ರೆ ನಿಮ್ಮ ತಂತೀಲಿ ಯಾರ್ದೋ ಕರೆಂಟ್ ವಾಪಸ್ ಹೋಗ್ತಿದೆ.’

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಕರೆಂಟು ಫೇಸ್ ತಂತಿಯಲ್ಲಿ ಮನೆಯೊಳಗೆ ಬಂದು ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹೋಗುತ್ತೆ. ಎಷ್ಟು ಬಂತೋ ಅಷ್ಟೇ ಹೋಗಬೇಕು. ನಮ್ಮ ಹಳೇ ಮೀಟರು ಬರುವ ಕರೆಂಟನ್ನಷ್ಟೇ ಅಳೆಯುತ್ತಿತ್ತು. ಕದಿಯುವವರು ಅದಕ್ಕೊಂದು ದಾರಿ ಹುಡುಕಿಕೊಂಡಿದ್ದರು. ಅದನ್ನು ತಡೆಯಲು ಈಗಿನ ಮೀಟರ್‌ಗಳು ಎರಡೂ ತಂತಿ ಅಳೆಯುತ್ತವೆ. ಎರಡರಲ್ಲಿ ವ್ಯತ್ಯಾಸ ಬಂದರೆ ಯಾವುದು ಜಾಸ್ತಿಯೋ ಅದರ ಮೇಲೆ ಯೂನಿಟ್ ಹಾಕುತ್ತವೆ.

ನಾನು ಮೊದಲ ದಿನ ನೋಡಿದ್ದ 1.24, 1.61 ನೆನಪಾಯಿತು. ಒಂದೇ ಇರಬೇಕಾಗಿದ್ದ ಎರಡು ಅಂಕಿಗಳು. ಮೀಟರ್ ಆವತ್ತೇ ಹೇಳಿತ್ತು. ನನಗೆ ಓದಲು ಬಂದಿರಲಿಲ್ಲ, ಅಷ್ಟೇ.

‘ಮೇಲಿನ ಮನೇಲಿ ಗೀಸರ್ ಹಾಕೋಕೆ ಹೇಳಿ’ ಅಂದರು. ಆಂಟಿ ಮೇಲಿಂದಲೇ ‘ಹಾಕ್ದೆ’ ಅಂತ ಕೂಗಿದರು. ನಮ್ಮ ಮೀಟರಿನ ಕೆಂಪು ದೀಪ ಸೆಕೆಂಡಿಗೊಮ್ಮೆ ಹುಚ್ಚು ಹಿಡಿದ ಹಾಗೆ ಮಿಣುಕತೊಡಗಿತು. ಕರೆಂಟ್ ಇಲ್ಲದ ನಮ್ಮ ಮನೆ ಮುಂದೆ ನಾವು ನಾಲ್ಕು ಜನ ಅದನ್ನೇ ನೋಡುತ್ತಾ ನಿಂತೆವು.

ಯಾರೂ ಕದ್ದಿರಲಿಲ್ಲ

ಒಂದು ಗಂಟೆ ಹುಡುಕಿದ ಮೇಲೆ ಜಾಗ ಸಿಕ್ಕಿತು. ಮೆಟ್ಟಿಲ ಲೈಟಿನ ಬಾಕ್ಸ್. ಯಾವ ಕಾಲದಲ್ಲೋ ಪೇಂಟ್ ಮಾಡಿಸುವಾಗ ಯಾರೋ ಹತ್ತಿರ ಸಿಕ್ಕಿದ ನ್ಯೂಟ್ರಲ್ ತಂತಿಗಳನ್ನು ಒಟ್ಟಿಗೆ ತಿರುಚಿ ಟೇಪ್ ಸುತ್ತಿಬಿಟ್ಟಿದ್ದರು. ನಮ್ಮದೂ ಮಹಡಿಯದೂ ಒಂದಾಗಿತ್ತು. ಮೇಲೆ ಬಳಸಿದ ಕರೆಂಟು ವಾಪಸ್ ಹೋಗುವಾಗ ಎರಡು ದಾರಿ ಕಂಡಿತು. ಅರ್ಧ ಅವರ ಮೀಟರಿನಲ್ಲಿ, ಅರ್ಧ ನಮ್ಮ ಮೀಟರಿನಲ್ಲಿ ಹೋಗುತ್ತಿತ್ತು. ಹಳೇ ಮೀಟರಿಗೆ ಅದು ಕಾಣುತ್ತಿರಲಿಲ್ಲ. ಹೊಸದಕ್ಕೆ ಕಂಡಿತು.

ಇಂಥದ್ದು ಇದ್ದರೆ ಇಎಲ್‌ಸಿಬಿ ಮೊದಲ ದಿನವೇ ಬಿದ್ದುಹೋಗಬೇಕಿತ್ತು ಅಂತ ಬೋರ್ಡ್ ತೆಗೆದು ನೋಡಿದರು. ಇಎಲ್‌ಸಿಬಿ ಇತ್ತು. ಪದೇ ಪದೇ ಬೀಳುತ್ತೆ ಅಂತ ಯಾರೋ ಅದನ್ನು ಬಿಟ್ಟು ಸುತ್ತು ತಂತಿ ಎಳೆದಿದ್ದರು. ಎಚ್ಚರಿಸುವವನ ಬಾಯಿ ಮುಚ್ಚಿಸಿದ್ದರು. ಮೈನ್ ಸ್ವಿಚ್ ಕೂಡ ಫೇಸ್ ಒಂದನ್ನೇ ಕಡಿಯುವಂಥದ್ದು. ಎರಡೂ ತಂತಿ ಕಡಿಯುವ ಡಬಲ್ ಪೋಲ್ ಆಗಿದ್ದಿದ್ದರೆ ನಾವು ಊರಿಗೆ ಹೋದ ನಾಲ್ಕು ದಿನ ಮೀಟರ್ ಸುಮ್ಮನಿರುತ್ತಿತ್ತು, ಅಪ್ಪನ ಪುಸ್ತಕದಲ್ಲಿ ಆ ಒಂಬತ್ತು ಯೂನಿಟ್ ಸಿಕ್ಕುತ್ತಿರಲಿಲ್ಲ.

ನಾನು ಕೇಳಿದೆ: ‘ಅಂದ್ರೆ ಆಂಟಿಯವರ ಬಿಲ್ ನಾವು ಕಟ್ತಿದ್ವಾ?’

‘ಇಲ್ಲ ಮೇಡಂ. ಅವರ ಮೀಟ್ರಲ್ಲಿ ಅವರ ಫೇಸ್ ಪೂರ್ತಿ ಬಂದಿದೆ, ಅವರದನ್ನ ಅವರು ಕಟ್ಟಿದಾರೆ. ನೀವು ಅದರ ಅರ್ಧ ಮತ್ತೆ ಕಟ್ಟಿದೀರಿ. ಹಂಗೇ, ನೀವು ಬಳಸಿದಾಗ ನಿಮ್ಮದರಲ್ಲಿ ಅರ್ಧ ಅವರಿಗೂ ಬಿದ್ದಿರುತ್ತೆ.’

ಮೆಟ್ಟಿಲ ಮೇಲೆ ನಿಂತಿದ್ದ ಆಂಟಿ ಕೆಳಗೆ ಕೂತುಬಿಟ್ಟರು. ಅವರಿಗೂ ಆಗಸ್ಟ್‌ನಿಂದ ಬಿಲ್ ಏರಿತ್ತಂತೆ. ಮಗ ಮನೆಯಿಂದಲೇ ಕೆಲಸ ಮಾಡೋನು, ರಾತ್ರಿ ಕಂಪ್ಯೂಟರಿನಲ್ಲಿ ಗೇಮ್ ಆಡೋನು. ‘ಎಷ್ಟು ಬೈದಿದೀನಿ ಗೊತ್ತಾ ಅವನಿಗೆ. ಹೋದ ತಿಂಗ್ಳು ಎರಡು ದಿನ ಮಾತು ಬಿಟ್ಟಿದ್ವಿ’ ಅಂದರು. ಒಂದೇ ಗಂಟು, ಎರಡು ಮನೆ, ಎರಡೂ ಕಡೆ ಒಬ್ಬೊಬ್ಬ ಆರೋಪಿ.

ಗಂಟು ಬಿಚ್ಚಿ ತಂತಿ ಬೇರೆ ಮಾಡಿದರು. ಹೊಸ ಇಎಲ್‌ಸಿಬಿ ಕೂರಿಸಿದರು. ಮತ್ತೆ ಮೈನ್ ಇಳಿಸಿ ನೋಡಿದೆವು. ದೀಪ ಮಿಣುಕಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಅಪ್ಪ ಗಡಿಯಾರ ನೋಡುತ್ತಲೇ ಇದ್ದರು. ಆಗಲೇ ನನಗೆ ಅಳು ಬಂದಿದ್ದು. ಮುಖ ಗೋಡೆ ಕಡೆ ತಿರುಗಿಸಿಕೊಂಡೆ. ಅಪ್ಪನಿಗೆ ಕಂಡಿತು, ಮಗಳನ್ನು ಕರೆದುಕೊಂಡು ಸುಮ್ಮನೆ ಒಳಗೆ ಹೋದರು.

ಎಲೆಕ್ಟ್ರಿಷಿಯನ್ ಖರ್ಚು ಓನರ್ ಕೊಟ್ಟರು. ಕಟ್ಟಿದ ಬಿಲ್ಲಿನ ದುಡ್ಡು ವಾಪಸ್ ಬರಲಿಲ್ಲ, ಕೇಳೋಕೆ ನ್ಯಾಯವೂ ಇರಲಿಲ್ಲ. ಮೀಟರ್ ಸರಿಯಾಗೇ ಇತ್ತು. ನಾನು ದೂರು ಕೊಟ್ಟು ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿಸಿದ್ದರೆ ಅದೂ ಅದನ್ನೇ ಹೇಳುತ್ತಿತ್ತು. ಮೂರು ತಿಂಗಳು ಕಾದು, ‘ನೋಡಿ, ನಿಮ್ಮದೇ ಬಳಕೆ’ ಅನ್ನಿಸಿಕೊಂಡು ಬರುತ್ತಿದ್ದೆ. ಆಮೇಲೆ ಅಪ್ಪನ ಗತಿ ಏನಾಗುತ್ತಿತ್ತೋ.

ನಿಮ್ಮ ಮನೆಯಲ್ಲೂ ನೋಡಿ

ಹೊಸ ಮೀಟರ್ ಬಂದ ಮೇಲೆ ನಿಮ್ಮ ಬಿಲ್ಲೂ ಏರಿದ್ದರೆ, ಯಾರನ್ನಾದರೂ ಬೈಯುವ ಮುಂಚೆ ಎರಡು ಕೆಲಸ ಮಾಡಿ. ಗುಂಡಿ ಒತ್ತುತ್ತಾ ಫೇಸ್ ಕರೆಂಟು, ನ್ಯೂಟ್ರಲ್ ಕರೆಂಟು ಎರಡನ್ನೂ ಬರೆದುಕೊಳ್ಳಿ. ಒಂದೇ ಥರ ಇರಬೇಕು. ಆಮೇಲೆ ಮನೆಯ ಮೈನ್ ಆಫ್ ಮಾಡಿ ಹತ್ತು ನಿಮಿಷ ಕೆಂಪು ದೀಪ ನೋಡಿ. ಮಿಣುಕಿದರೆ ಎಲೆಕ್ಟ್ರಿಷಿಯನ್ ಕರೆಸಿ. ಮೈನ್ ಡಬಲ್ ಪೋಲ್ ಆಗಿದ್ದರೆ ದೀಪ ನಿಂತೇ ನಿಲ್ಲುತ್ತೆ, ಆವಾಗ ಎರಡು ಅಂಕಿಗಳ ವ್ಯತ್ಯಾಸವೇ ಸಾಕ್ಷಿ. ಬೋರ್ಡಿಗೆ ಮಾತ್ರ ನೀವೇ ಕೈ ಹಾಕಬೇಡಿ. ನ್ಯೂಟ್ರಲ್ ತಂತಿ ಅಂತ ಧೈರ್ಯ ಮಾಡೋದು ಬೇಡ, ಇಂಥ ಗಂಟಿದ್ದ ಮನೆಯಲ್ಲಿ ಮೈನ್ ಆಫ್ ಮಾಡಿದರೂ ಅದು ಶಾಕ್ ಹೊಡೆಯಬಹುದು.

ಮೊನ್ನೆ ಜನವರಿಯದ್ದು ಮುಗಿದು ಹೊಸ ಬಿಲ್ ಬಂತು. 162 ಯೂನಿಟ್. ನಮ್ಮ ಪಾಲಿನ 145ಕ್ಕಿಂತ ಹದಿನೇಳು ಜಾಸ್ತಿ. ಅದು ಅಪ್ಪನದೇ, ಅನುಮಾನವೇ ಇಲ್ಲ: ರಾತ್ರಿಯ ಫ್ಯಾನು, ಬೆಳಗಿನ ಬಿಸಿನೀರು, ಸಂಜೆ ರೂಮಿನಲ್ಲಿ ಪೇಪರ್ ಓದುವ ಲೈಟು. ಸರ್‌ಚಾರ್ಜು, ತೆರಿಗೆ ಸೇರಿ ನೂರಿಪ್ಪತ್ತು ರೂಪಾಯಿಯ ಹತ್ತಿರ.

ಆ ನೂರಿಪ್ಪತ್ತು ರೂಪಾಯಿಗೆ ನಾನು ಅವರನ್ನು ಒಂದು ತಿಂಗಳು ತಣ್ಣೀರಿನಲ್ಲಿ ಸ್ನಾನ ಮಾಡಿಸಿದ್ದೆ.

‘ತಪ್ಪಾಯ್ತು ಅಪ್ಪಾ’ ಅಂತ ಆವತ್ತು ರಾತ್ರಿಯೇ ಹೇಳಿದೆ. ಅವರು, ‘ಲೆಕ್ಕ ತಪ್ಪಿದ್ರೆ ಇನ್ನೊಂದ್ಸಲ ಮಾಡ್ಬೇಕು ಪುಟ್ಟಿ, ಅಷ್ಟೇ’ ಅಂದರು. ಕ್ಲಾಸಿನಲ್ಲಿ ಮಕ್ಕಳಿಗೂ ಹಾಗೇ ಹೇಳುತ್ತಿದ್ದರೋ ಏನೋ.

ಜೀರೋ ಬಲ್ಬಿನ ಜಾಗಕ್ಕೆ ಅರ್ಧ ವ್ಯಾಟಿನ ಎಲ್‌ಇಡಿ ತಂದು ಹಾಕಿದ್ದೇನೆ. ಬೆಳಕು ಜಾಸ್ತಿಯಾಯಿತು ಅಂತ ಅಪ್ಪ ಗೊಣಗುತ್ತಾರೆ. ಆ್ಯಪನ್ನು ಫೋನಿನಿಂದ ತೆಗೆದಿಲ್ಲ, ಯಾವತ್ತಾದರೂ ಆ ಬಿಳೀ ಪರದೆಯಲ್ಲಿ ಏನಾದರೂ ಕಾಣಬಹುದು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಹಾಲು ತರುವಾಗ ತಾತ, ಮೊಮ್ಮಗಳು ಗೇಟಿನ ಹತ್ತಿರ ನಿಲ್ಲುತ್ತಾರೆ. ಅವಳು ಗುಂಡಿ ಒತ್ತಿ ಜೋರಾಗಿ ಓದುತ್ತಾಳೆ. ಅವರು ಬರೆದುಕೊಳ್ಳುತ್ತಾರೆ.